ಕಾನೂನು ಕೇಳಿಸುತ್ತಿದ್ದ ಕಣಿವೆ: ಥಿಂಗ್‌ವೆಲ್ಲಿರ್‌ನಲ್ಲಿ ಒಂದು ಸಂಜೆಯ ನಡಿಗೆ

ನನ್ನ ಪಾಲಿಗೆ ಗಿಡುಗನ ಸಾಲು ಬಂತು.

ವ್ಯಾನು ರೇಕ್ಯಾವಿಕ್ ಊರು ದಾಟುತ್ತಿದ್ದ ಹಾಗೆ ಡ್ರೈವರ್ ಪಕ್ಕದಲ್ಲಿ ಕೂತಿದ್ದ ಗೈಡ್ ಹಿಂದಕ್ಕೆ ತಿರುಗಿ ಎಂಟು ಜನಕ್ಕೂ ಒಂದೊಂದು ಚೀಟಿ ಹಂಚಿದರು. ಐಸ್‌ಲ್ಯಾಂಡಿನ ಹಳೆಯ ಕಾನೂನುಸಭೆ ಸೇರುತ್ತಿದ್ದ ಥಿಂಗ್‌ವೆಲ್ಲಿರ್ ಬಯಲಿಗೆ ಮುಂದೆ 45 ಕಿಲೋಮೀಟರ್ ದಾರಿ. ಅಷ್ಟರೊಳಗೆ ಅವರವರ ಸಾಲು ಅವರವರ ಬಾಯಿಗೆ ಬರಬೇಕು, ಇಳಿಯುವಾಗ ಚೀಟಿ ವಾಪಸ್ ಕೊಡಬೇಕು, ಆಮೇಲೆ ನೋಡಿಕೊಂಡು ಓದುವಂತಿಲ್ಲ. ನನ್ನ ಚೀಟಿಯಲ್ಲಿದ್ದದ್ದು ಇಷ್ಟು: 'ವಾಲ್ರ್ ಫ್ಲೀಗ್ರ್ ವಾರ್‌ಲಂಗನ್ ದಾಗ್, ಸ್ಟೆಂದ್ರ್ ಹೋನುಮ್ ಬಿರ್ ಬೇಯ್ನ್ ಉಂದಿರ್ ಬಾದಾ ವೇಂಗಿ.' ವಸಂತದ ಉದ್ದನೆಯ ದಿನವಿಡೀ ಗಿಡುಗ ಹಾರುತ್ತದೆ, ಅದರ ಎರಡೂ ರೆಕ್ಕೆಯ ಕೆಳಗೆ ಒಳ್ಳೆಯ ಗಾಳಿ ನಿಂತಿರುತ್ತದೆ ಎಂದು ಅರ್ಥ.

ಯಾವುದೋ ಪದ್ಯ ಇರಬೇಕು ಅಂದುಕೊಂಡೆ. ಆದರೆ ಅದು ಕಾನೂನು. ಕೊಲೆಯಾದ ಮನೆಯವರೂ ಕೊಂದವರ ಕಡೆಯವರೂ ರಾಜಿಯಾದಾಗ ಎಲ್ಲರ ಎದುರು ಹೇಳಬೇಕಾಗಿದ್ದ ಮಾತಿನ ತುಣುಕು. ಈ ರಾಜಿಯನ್ನು ಮುರಿದವನು ತೋಳ. ಮನುಷ್ಯರು ತೋಳವನ್ನು ಎಲ್ಲಿಯವರೆಗೆ ಅಟ್ಟುತ್ತಾರೋ ಅಲ್ಲಿಯವರೆಗೂ ಅವನನ್ನು ಅಟ್ಟಬೇಕು. ಎಲ್ಲಿಯವರೆಗೆ? ಬೆಂಕಿ ಉರಿಯುವಷ್ಟು ದೂರ, ನೆಲ ಹಸಿರಾಗುವಷ್ಟು ದೂರ, ಮಗು ಅಮ್ಮಾ ಎನ್ನುವಷ್ಟು ದೂರ, ಹಡಗು ಜಾರುವ, ಗುರಾಣಿ ಹೊಳೆಯುವ, ಬಿಸಿಲು ಬೀಳುವ, ಹಿಮ ಸುರಿಯುವಷ್ಟು ದೂರ. ಅವುಗಳ ಜೊತೆಗೆ ನನ್ನ ಗಿಡುಗ. ಇದು ಗ್ರಾಗಾಸ್ ಎಂಬ ಹಳೆಯ ಐಸ್‌ಲ್ಯಾಂಡ್ ಕಾನೂನಿನ ಹಸ್ತಪ್ರತಿಯಲ್ಲೂ ಇದೆ, ಗ್ರೆಟಿರ್‌ನ ಸಾಗಾ ಎಂಬ ಹಳೆಯ ಗದ್ಯಕತೆಯಲ್ಲೂ ಸ್ವಲ್ಪ ಬೇರೆ ರೂಪದಲ್ಲಿ ಬರುತ್ತದೆ. ಇದರ ಹೆಸರು ಟ್ರಿಗ್ದಾಮಾಲ್, ನಂಬಿಕೆಯ ಮಾತು.

ಸಿವಿಲ್ ಕೋರ್ಟಿನಲ್ಲಿ 31 ವರ್ಷ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತಳಾದವಳು ನಾನು. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂಬುದು ನನ್ನ ಇಡೀ ನೌಕರಿಯ ನಿಯಮ. ಸಾಕ್ಷಿ ಏನೇ ಹೇಳಲಿ, ಹಾಳೆಗೆ ಇಳಿದದ್ದೇ ಹೇಳಿಕೆ. ಬರೆದಿಡದ ಕಾನೂನಿನಿಂದ ಒಂದು ದೇಶ ಸುಮಾರು ಇನ್ನೂರು ವರ್ಷ ನಡೆಯಿತು ಎಂದು ರೇಕ್ಯಾವಿಕ್‌ನಲ್ಲಿ ಕೆಲಸಕ್ಕಿರುವ ಮಗಳು ಹೇಳಿದಾಗ ನನಗೆ ನಂಬುವುದು ಕಷ್ಟವಾಯಿತು. 'ಅಮ್ಮಾ, ನೀನೇ ಹೋಗಿ ನೋಡು' ಎಂದು ಜೂನ್ ತಿಂಗಳ ಒಂದು ಸಂಜೆಗೆ ಅವಳೇ ಬುಕ್ ಮಾಡಿದಳು. ಐದು ಗಂಟೆಯ ಕಾರ್ಯಕ್ರಮ, ತಲೆಗೆ 14,900 ಕ್ರೋನಾ. ಸಂಸ್ಥೆ ಚಿಕ್ಕದು. ಕೆಲವು ತಕರಾರು ಹೇಳಲಿಕ್ಕಿರುವುದರಿಂದ ಹೆಸರು ಬರೆಯುವುದಿಲ್ಲ. ಥಿಂಗ್‌ವೆಲ್ಲಿರ್‌ಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ; ಹೆಚ್ಚಿನವರಿಗೆ ತೋರಿಸುವುದು ಎರಡು ಭೂಫಲಕ ದೂರ ಸರಿಯುವ ಬಿರುಕು ಮತ್ತು ಜಲಪಾತ. ಕಾನೂನನ್ನೇ ಹಿಡಿದು ನಡೆಸುವ ಇಂಥ ನಡಿಗೆಗಳು ಬೇರೆ. ಹೋಗುವವರಿಗೆ ಅನುಕೂಲವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಸಂಜೆ ಆರಕ್ಕೆ ಹೊರಟೆವು. ಜೂನ್‌ನಲ್ಲಿ ಅಲ್ಲಿ ಕತ್ತಲಾಗುವುದೇ ಇಲ್ಲ, ಹಗಲಿನ ಬಸ್ಸುಗಳು ಅಷ್ಟು ಹೊತ್ತಿಗೆ ಹೊರಟಿರುತ್ತವೆ. ಸಂಜೆಯ ಹೊತ್ತನ್ನೇ ಆರಿಸಿಕೊಳ್ಳಿ. ಮೇಲೆ ಹಾಕ್ ಎಂಬ ಕಡೆ, ಮಾಹಿತಿ ಕೇಂದ್ರದ ಹತ್ತಿರ ವ್ಯಾನು ನಿಂತಿತು. ಅಲ್ಲಿಂದ ಅಲ್ಮನ್ನಗ್ಯಾ ಬಿರುಕಿನೊಳಕ್ಕೆ ಇಳಿಜಾರು. ಮಂಡಿನೋವಿನವರು ಹೆದರಬೇಕಾಗಿಲ್ಲ, ದಾರಿ ಚೆನ್ನಾಗಿದೆ, ಆದರೆ ವಾಪಸ್ ಹತ್ತುವಾಗ ನಿಧಾನಕ್ಕೆ ಬನ್ನಿ. ಗಾಳಿ ಮಾತ್ರ ಬಟ್ಟೆಯೊಳಗೆ ನುಗ್ಗುತ್ತದೆ. ಅವರು ಉಣ್ಣೆ ಹೊದಿಕೆ ಕೊಡುತ್ತಾರೆ, ಬೇಡ ಎನ್ನಬೇಡಿ.

ಬಿರುಕಿನ ಒಳಗೆ ಒಂದು ಕಡೆ ನಿಲ್ಲಿಸಿ ಗೈಡ್ ಚೀಲದಿಂದ ಒಂದು ಬಟ್ಟೆ ತೆಗೆದರು. ಕಂದು ಬಣ್ಣದ ಒರಟು ಉಣ್ಣೆ ಬಟ್ಟೆ, ವಾದ್ಮಾಲ್ ಎನ್ನುತ್ತಾರೆ. ಉದ್ದ ಸರಿಯಾಗಿ ಒಂದು ಆಲಿನ್, ಅಂದರೆ ಸುಮಾರು ಅರ್ಧ ಮೀಟರ್. ನಮ್ಮ ಮೊಳ ಎಂದುಕೊಳ್ಳಿ. ಕೈಯಿಂದ ಕೈಗೆ ದಾಟಿಸಿ ಮುಟ್ಟಿ ನೋಡಲು ಹೇಳಿದರು. ಆಮೇಲೆ, ಕಾನೂನು ಹೇಳುವವನ ಸಂಬಳ ಇದರ ಇನ್ನೂರು ಪಟ್ಟು ಎಂದರು. ಆ ಕಾಲದ ನೂರು ಎಂದರೆ 120. ಹಾಗಾಗಿ ವರ್ಷಕ್ಕೆ 240 ಮೊಳ ಬಟ್ಟೆ, ಜೊತೆಗೆ ಆಲ್‌ಥಿಂಗ್ ಎಂಬ ಇಡೀ ದೇಶದ ಸಭೆಯಲ್ಲಿ ವಿಧಿಸಿದ ದಂಡದಲ್ಲಿ ಅರ್ಧ. ಆ ಇಡೀ ದೇಶದಲ್ಲಿ ಸಾರ್ವಜನಿಕ ಸಂಬಳ ಇದ್ದದ್ದು ಈ ಒಬ್ಬನಿಗೆ ಮಾತ್ರ. ರಾಜನಿಲ್ಲ, ಪೊಲೀಸಿಲ್ಲ, ಜೈಲಿಲ್ಲ. ತೀರ್ಪು ಬಂದ ಮೇಲೂ ಅದನ್ನು ಜಾರಿ ಮಾಡಿಕೊಳ್ಳಬೇಕಾದವನು ಗೆದ್ದವನೇ. ಅಂಥ ಕಡೆ ಖರ್ಚು ಮಾಡಿ ಇಟ್ಟುಕೊಂಡಿದ್ದ ಒಂದೇ ಅಧಿಕಾರಿ, ಕಾನೂನನ್ನು ಬಾಯಲ್ಲಿ ಇಟ್ಟುಕೊಂಡವನು. ಬಟ್ಟೆ ನನ್ನ ಕೈಯಲ್ಲಿದ್ದಾಗ ಇದನ್ನು ಕೇಳಿದೆ. ಅದನ್ನು ಮುಂದಿನವರಿಗೆ ಕೊಡಲು ಮನಸ್ಸು ಬರಲಿಲ್ಲ.

ಅವನ ಹೆಸರು ಲೋಗ್‌ಸೋಗುಮಾದುರ್. ಮೂರು ವರ್ಷಕ್ಕೆ ಆಯ್ಕೆ. ಬೇಸಗೆಗೆ ಒಂದು ಭಾಗದಂತೆ ಮೂರು ಬೇಸಗೆಯಲ್ಲಿ ಇಡೀ ಕಾನೂನನ್ನು ಲೋಗ್‌ಬರ್ಗ್ ಎಂಬ ಕಾನೂನುಬಂಡೆಯ ಮೇಲೆ ನಿಂತು ಹೇಳಬೇಕು. ಸಭೆ ನಡೆಸುವ ಕ್ರಮವನ್ನು ಮಾತ್ರ ಪ್ರತಿ ವರ್ಷವೂ ಹೇಳಬೇಕು. ಎಷ್ಟು ಪೂರ್ತಿಯಾಗಿ ಎಂದರೆ, ಸೇರಿದವರಲ್ಲಿ ಬೇರೆ ಯಾರಿಗೂ ಅದಕ್ಕಿಂತ ಬಹಳ ಹೆಚ್ಚು ಗೊತ್ತಿರಬಾರದು. ಗ್ರಾಗಾಸ್ ಹೇಳುವ ಅಳತೆ ಇದೇ. ಯಾವುದಾದರೂ ಭಾಗ ಅವನಿಗೆ ಸರಿಯಾಗಿ ನೆನಪಿಲ್ಲದಿದ್ದರೆ ಹಿಂದಿನ ದಿನವೇ ಐದು ಅಥವಾ ಹೆಚ್ಚು ಕಾನೂನು ಬಲ್ಲವರನ್ನು ಕೂರಿಸಿಕೊಂಡು ಕೇಳಿ ತಿಳಿಯಬೇಕು. ಅಪ್ಪಣೆ ಇಲ್ಲದೆ ಆ ಮಾತುಕತೆಯ ನಡುವೆ ಬಂದವನಿಗೆ ಮೂರು ಮಾರ್ಕ್ ದಂಡ. ನೆನಪು ಮಾಡಿಕೊಳ್ಳುವವರಿಗೆ ಅಡ್ಡಿಪಡಿಸಿದರೂ ದಂಡ! ನನ್ನ ಎದೆಗೆ ತಟ್ಟಿದ ಸಂಗತಿ ಇನ್ನೊಂದು. ಹೊಸದಾಗಿ ಮಾಡಿದ ಕಾನೂನನ್ನು ಮೂರು ಬೇಸಗೆಗೊಮ್ಮೆಯಾದರೂ ಹೇಳದೆ ಬಿಟ್ಟರೆ ಅದು ಬಿದ್ದುಹೋಗುತ್ತದೆ. ಯಾರೂ ರದ್ದು ಮಾಡಬೇಕಾಗಿಲ್ಲ. ಹೇಳಲಿಲ್ಲ, ಆದ್ದರಿಂದ ಇಲ್ಲ.

ಇಲ್ಲೇ ನನ್ನ ಮೊದಲ ತಕರಾರು. ಗೈಡ್ ಇದನ್ನೆಲ್ಲ ಬಾಯಲ್ಲಿ ಸರಿಯಾಗಿ ಹೇಳಿದರು, ಆದರೆ ಅವರ ಸಂಸ್ಥೆ ಕೊಡುವ ಅಚ್ಚಾದ ಹಾಳೆಯಲ್ಲಿ 'ಪ್ರತಿ ವರ್ಷವೂ ಪೂರ್ತಿ ಕಾನೂನನ್ನು ಹೇಳುತ್ತಿದ್ದರು' ಎಂದಿದೆ. ತಪ್ಪು. ಎಲ್ಲರೂ ಮನೆಗೆ ಕೊಂಡೊಯ್ಯುವುದು ಆ ಹಾಳೆಯನ್ನೇ ತಾನೆ? ತೋರಿಸಿದೆ. ಗೈಡ್ ಒಪ್ಪಿಕೊಂಡು ಪೆನ್ನಿನಲ್ಲಿ ತಮ್ಮ ಪ್ರತಿ ತಿದ್ದಿಕೊಂಡರು. ಮುಂದಿನ ಮುದ್ರಣದಲ್ಲಿ ಸರಿಯಾಗುತ್ತದೆ ಎಂದು ನಂಬಿದ್ದೇನೆ.

ಎರಡನೆಯದು ದೊಡ್ಡದು. ಬಂಡೆಯ ಹತ್ತಿರ ಬಂದಾಗ ಎಲ್ಲರಿಗೂ ಕಿವಿಗೆ ಹಾಕುವ ಹೆಡ್‌ಸೆಟ್ ಕೊಟ್ಟು, ಗೈಡ್ ಪುಟ್ಟ ಮೈಕಿನಲ್ಲಿ ಮಾತಾಡಿದರು. ಗಾಳಿಗೆ ಕೇಳಿಸುವುದಿಲ್ಲ ಎಂಬುದು ಅವರ ಕಾರಣ. ನಾನು ತೆಗೆದು ಕುತ್ತಿಗೆಗೆ ನೇತುಹಾಕಿಕೊಂಡೆ. ಆ ಜಾಗದಲ್ಲಿ ಕಾನೂನು ಜನರನ್ನು ಮುಟ್ಟುತ್ತಿದ್ದದ್ದು ಮನುಷ್ಯನ ಗಂಟಲಿನಿಂದಲೇ, ಅಲ್ಲಿ ಗಂಟಲಿನ ಮಾತನ್ನೇ ಕೇಳಿಸಬೇಕಿತ್ತು. ಕ್ರಿ.ಶ. 930ರ ಹೊತ್ತಿಗೆ ಉಲ್ಫ್‌ಲ್ಯೋತ್ ಎಂಬವನು ನಾರ್ವೆಯ ಗುಲಾಥಿಂಗ್ ಕಾನೂನಿನ ಮಾದರಿಯಲ್ಲಿ ಐಸ್‌ಲ್ಯಾಂಡಿಗೆ ಕಾನೂನು ತಂದ. ಗ್ರೀಮ್ ಎಂಬವನು ದೇಶವಿಡೀ ಸುತ್ತಿ ಬಂದ. ಆಮೇಲೆ ಆಲ್‌ಥಿಂಗ್ ಇಲ್ಲಿ ನೆಲೆಯಾಯಿತು. ಒಂದು ಕಡೆ ನೆಟ್ಟಗೆ ನಿಂತ ಲಾವಾ ಗೋಡೆ, ಕೆಳಗೆ ಹುಲ್ಲಿನ ಬಯಲು, ಓಕ್ಸರಾ ನದಿ, ಆಚೆಗೆ ದೊಡ್ಡ ಸರೋವರ. ಎಂಟೇ ಜನ ಇದ್ದೆವು. ಹತ್ತಿರ ಕರೆದು ಗಟ್ಟಿಯಾಗಿ ಹೇಳಿದ್ದರೆ ಸಾಕಿತ್ತು.

ಅದಾದ ಮೇಲೆ ನಡೆದದ್ದು ಈ ಬೇಸರವನ್ನು ಮರೆಸಿತು. ಹೆಡ್‌ಸೆಟ್ ವಾಪಸ್ ತೆಗೆದುಕೊಂಡು ನಮ್ಮನ್ನು ಅರ್ಧಚಂದ್ರಾಕಾರಕ್ಕೆ ನಿಲ್ಲಿಸಿ, ಒಬ್ಬೊಬ್ಬರೂ ತಮ್ಮ ಸಾಲು ಹೇಳಬೇಕು ಎಂದರು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದಬೇಕು. ವ್ಯಾನಿನಲ್ಲಿ ಅಕ್ಕಪಕ್ಕದವರ ಸಾಲೂ ಕಿವಿಗೆ ಬಿದ್ದಿತ್ತಲ್ಲ, ಆಶ್ಚರ್ಯವೆಂದರೆ ತಿದ್ದಲು ಬರುತ್ತಿತ್ತು. ನನ್ನ ಪಕ್ಕದ ಹುಡುಗ 'ಸ್ಕಿಪ್ ಸ್ಕ್ರೀದ್ರ್, ಸ್ಕಿಲ್ದಿರ್' ಎಂದು ಹೇಳಿ ನಿಂತುಬಿಟ್ಟ. 'ಬ್ಲೀಕ್ಯ' ಎಂದು ನಾನೇ ತುಂಬಿದೆ. ಹಡಗಿಗೂ ಗುರಾಣಿಗೂ ಒಂದೇ 'ಸ್ಕ' ಸದ್ದು, ನನ್ನ ಗಿಡುಗ ವಾಲ್‌ಗೂ ವಸಂತ ವಾರ್‌ಗೂ ಒಂದೇ 'ವ'. ನಮ್ಮ ಹಳೆಯ ಪದ್ಯಗಳಲ್ಲಿ ಎರಡನೆಯ ಅಕ್ಷರ ಪ್ರಾಸ ಹಿಡಿದು ಸಾಲನ್ನು ಎಳೆದುಕೊಂಡು ಬರುತ್ತದೆ. ಇಲ್ಲಿ ಆ ಕೆಲಸ ಮಾಡುವುದು ಮೊದಲ ಸದ್ದು. ಒಂದು ಪದ ಸಿಕ್ಕಿದರೆ ಅದರ ಜೋಡಿ ತಾನೇ ಬರುತ್ತದೆ. ನೆನಪಿನಲ್ಲಿ ಉಳಿಯಬೇಕಾದ ಕಾನೂನು ಹೀಗೇ ಇರಬೇಕು ಎಂದು ಅಲ್ಲಿ ನಿಂತು ನನ್ನ ನಾಲಿಗೆಗೆ ಗೊತ್ತಾಯಿತು. ನನ್ನ ಸರದಿಯಲ್ಲಿ ಗಿಡುಗನನ್ನು ತಡವರಿಸದೆ ಹೇಳಿದೆ. ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಬಯಲಿಗೆ ಇಳಿದು, ಹಳೆಯ ಬಿಡಾರಗಳ ಕಲ್ಲುಗೋಡೆ ಹುಲ್ಲಿನಡಿ ಉಬ್ಬಿರುವ ಕಡೆ ಕೂತು ಕತೆ. ನ್ಯಾಲ್‌ನ ಸಾಗಾದಿಂದ ಎರಡು ಪ್ರಸಂಗ ಹೇಳಿದರು. ಮೊದಲನೆಯದು ಸಮನ್ಸ್ ಜಾರಿಯದು. ಅದನ್ನು ಬೆಂಚ್ ಕ್ಲರ್ಕ್ ಆದವಳು ಹೇಗೆ ಮರೆಯಲಿ?

ಉನ್ನ ಎಂಬ ಹೆಂಗಸು ಗಂಡ ಹ್ರೂತ್‌ನನ್ನು ಬಿಟ್ಟುಬಂದಿದ್ದಾಳೆ. ಅವಳ ಆಸ್ತಿ ಅವನ ಬಳಿಯೇ ಉಳಿದಿದೆ. ಅಪ್ಪ ದಾವೆ ಹೂಡಿ ಸೋತ, ಈಗ ತೀರಿಕೊಂಡಿದ್ದಾನೆ. ನೆಂಟ ಗುನ್ನರ್ ದಾವೆ ವಹಿಸಿಕೊಳ್ಳುತ್ತಾನೆ, ಆದರೆ ಅವನಿಗೆ ಕಾನೂನು ಗೊತ್ತಿಲ್ಲ. ಬಲ್ಲವನಾದ ನ್ಯಾಲ್ ಉಪಾಯ ಹೇಳಿಕೊಡುತ್ತಾನೆ: ಜಗಳಗಂಟ ವ್ಯಾಪಾರಿಯ ವೇಷ ಹಾಕಿ ಹ್ರೂತ್‌ನ ಮನೆಗೇ ಹೋಗು, ಮಾತಿಗೆ ಮಾತು ಬೆಳೆಸಿ ಆ ಹಳೆಯ ದಾವೆಯ ಸುದ್ದಿ ಎತ್ತು, ಸಮನ್ಸ್ ಹೇಗೆ ಹೇಳಬೇಕು ಎಂದು ಅವನನ್ನೇ ಕೇಳು. ಹಾಗೇ ಆಗುತ್ತದೆ. ಹ್ರೂತ್ ಸಮನ್ಸಿನ ಮಾತನ್ನು ಹೇಳಿಕೊಡುತ್ತಾನೆ. ಗುನ್ನರ್ ಬೇಕೆಂದೇ ತಪ್ಪಾಗಿ ಹೇಳುತ್ತಾನೆ. ಹ್ರೂತ್ ನಕ್ಕು ತಿದ್ದುತ್ತಾನೆ. ಎರಡನೆಯ ಸಲ ಗುನ್ನರ್ ಸರಿಯಾಗಿ ಹೇಳುತ್ತಾನೆ, ಜೊತೆಯವರನ್ನು ಸಾಕ್ಷಿ ಮಾಡಿಕೊಳ್ಳುತ್ತಾನೆ, ಉನ್ನಳು ತನಗೊಪ್ಪಿಸಿದ ದಾವೆ ಇದು ಎಂದು ಮೆಲ್ಲಗೆ ಸೇರಿಸುತ್ತಾನೆ. ಮುಗಿಯಿತು! ಪ್ರತಿವಾದಿಯ ಮನೆಯಲ್ಲೇ, ಅವನ ಕಿವಿಗೇ, ಅವನೇ ಕಲಿಸಿದ ಮಾತಿನಲ್ಲೇ ಸಮನ್ಸ್ ಜಾರಿಯಾಗಿದೆ. ಕಾಗದವಿಲ್ಲ, ಸಹಿಯಿಲ್ಲ. ಅಮೀನರು ತಂದುಕೊಡುವ ಷರಾಗಳನ್ನು ಅಷ್ಟು ವರ್ಷ ಕಡತಕ್ಕೆ ಹೊಲಿದವಳು ನಾನು. ಸಮನ್ಸ್ ಎಂದರೆ ಆ ಹಾಳೆ ಎಂದೇ ತಿಳಿದಿದ್ದೆ. ಇಲ್ಲಿ ಮಾತೇ ಸಮನ್ಸ್. ಸರಿಯಾದ ಪದ, ಸರಿಯಾದ ಜಾಗ, ಸಾಕ್ಷಿಗಳ ಕಿವಿ, ಇವು ಮೂರು ಕೂಡಿದರೆ ಕೆಲಸ ನಡೆದುಹೋಯಿತು.

(ಮುಂದೆ ಆಲ್‌ಥಿಂಗ್‌ನಲ್ಲಿ ಗುನ್ನರ್ ಕ್ರಮದಲ್ಲಿ ಎಡವುತ್ತಾನೆ, ಕೊನೆಗೆ ಹ್ರೂತ್‌ನನ್ನು ದ್ವಂದ್ವಕ್ಕೆ ಕರೆದು ಹಣ ವಸೂಲು ಮಾಡುತ್ತಾನೆ. ಗೈಡ್ ಇದನ್ನು ಬಿಟ್ಟುಬಿಟ್ಟರು. ಬಿಡಬಾರದಿತ್ತು. ಮಾತಿನ ಕಾನೂನಿನ ಬೆನ್ನಿಗೇ ಕತ್ತಿ ಇತ್ತು ಎಂಬುದೂ ಗೊತ್ತಾಗಬೇಕು.)

ಎರಡನೆಯದು ನ್ಯಾಲ್‌ನನ್ನು ಮನೆಯೊಳಗೇ ಸುಟ್ಟವರ ಮೇಲಿನ ದಾವೆ. ವಾದಿಯ ಪರ ಮೋರ್ದ್, ಎದುರಿಗೆ ಚಿನ್ನದ ಕಡಗ ಲಂಚ ತೆಗೆದುಕೊಂಡು ಬಂದ ಎಯೋಲ್ಫ್. ನ್ಯಾಲ್‌ನಿಂದಲೇ ಕಾನೂನು ಕಲಿತ ಥೋರ್‌ಹಾಲ್ ಕಾಲಿನ ಕುರುವಿನಿಂದ ಎದ್ದು ನಿಲ್ಲಲಾರದೆ ಬಿಡಾರದಲ್ಲೇ ಮಲಗಿದ್ದಾನೆ. ಎಯೋಲ್ಫ್ ಒಂದೊಂದು ಆಕ್ಷೇಪ ಎತ್ತಿದಾಗಲೂ ಆಳುಗಳು ಬಿಡಾರಕ್ಕೆ ಓಡಿ ಉತ್ತರ ಕೇಳಿಕೊಂಡು ಬರುತ್ತಾರೆ. ಕೊನೆಗೆ ಐದನೆಯ ನ್ಯಾಯಾಲಯ, ನಾಲ್ಕು ಪ್ರಾಂತ್ಯ ನ್ಯಾಯಾಲಯಗಳಲ್ಲಿ ತೀರದ ದಾವೆಗಳು ಬರುವ ಜಾಗ. ಸ್ಕಾಪ್ತಿ ಥೋರೊಡ್‌ಸನ್ ಕಾನೂನು ಹೇಳುವವನಾಗಿದ್ದ ಕಾಲದಲ್ಲಿ, ಸುಮಾರು 1005ರಲ್ಲಿ ಬಂದದ್ದು ಅದು. ಅಲ್ಲಿ ಕೂರುವವರು 48 ಜನ, ತೀರ್ಪು ಕೊಡಬೇಕಾದವರು 36. ಎರಡೂ ಕಡೆಯವರು ಆರಾರು ಜನರನ್ನು ತೆಗೆಯಬೇಕು; ಪ್ರತಿವಾದಿ ತೆಗೆಯದಿದ್ದರೆ ಆ ಆರನ್ನೂ ವಾದಿಯೇ ತೆಗೆಯಬೇಕು. ಎಯೋಲ್ಫ್‌ನ ಕಡೆಯವರು ಬೇಕೆಂದೇ ಸುಮ್ಮನಿದ್ದರು. ಮೋರ್ದ್ ತನ್ನ ಆರನ್ನು ತೆಗೆದು ನಿಲ್ಲಿಸಿಬಿಟ್ಟ. 42 ಜನ ತೀರ್ಪು ಕೊಟ್ಟರು, ದಾವೆ ಬಿದ್ದುಹೋಯಿತು. ಈ ಸಲ ಯಾರೂ ಬಿಡಾರಕ್ಕೆ ಕೇಳಲು ಹೋಗಿರಲಿಲ್ಲ. ಸುದ್ದಿ ಕೇಳಿದ ಥೋರ್‌ಹಾಲ್ ಈಟಿಯಿಂದ ತನ್ನ ಕುರು ತಾನೇ ಕತ್ತರಿಸಿಕೊಂಡು ರಕ್ತ ಸುರಿಯುತ್ತಾ ಹೊರಗೆ ಬಂದು ಎದುರಿಗೆ ಸಿಕ್ಕ ಶತ್ರುವನ್ನು ಇರಿದ. ನ್ಯಾಯಸಭೆಯಲ್ಲೇ ಯುದ್ಧ ಶುರುವಾಯಿತು.

ಗೈಡ್ ಇದನ್ನು ಹೇಳಿದ ರೀತಿ ಅದ್ಭುತ. ಅವರು ಕೂತ ಕಡೆಯಿಂದ ಎದ್ದು ನಿಂತ ಕ್ಷಣ ನಾವೂ ಎದ್ದು ನಿಂತೆವು. ಆದರೂ ನನ್ನ ಮೂರನೆಯ ತಕರಾರು ಇಲ್ಲೇ ಇದೆ. ಅವರು ಇದನ್ನು ಕೋರ್ಟಿನ ನಡಾವಳಿ ಓದಿದ ಹಾಗೆ ಹೇಳಿದರು. ನ್ಯಾಲ್‌ನ ಸಾಗಾ ಬರಹಕ್ಕೆ ಬಂದದ್ದು 1280ರ ಸುಮಾರಿಗೆ. ಆ ಹೊತ್ತಿಗೆ ಕಾನೂನು ಪುಸ್ತಕಕ್ಕೆ ಸೇರಿ 160 ವರ್ಷ ದಾಟಿತ್ತು. ಸಾಗಾ ಬರೆದವನು ವಿಚಾರಣೆಯ ಮಾತುಗಳನ್ನು ಬರೆದ ಕಾನೂನುಗಳಿಂದ ತೆಗೆದುಕೊಂಡಿದ್ದಾನೆ ಎಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ನಾವು ಕೇಳಿದ್ದು ಬಾಯಿಂದ ಬಾಯಿಗೆ ಬಂದದ್ದು ಎಷ್ಟು, ಪುಸ್ತಕದಿಂದ ಬಾಯಿಗೆ ಹೋದದ್ದು ಎಷ್ಟು ಎಂಬ ಪ್ರಶ್ನೆ ಇದೆ. ಅದನ್ನು ಕೇಳುಗರ ಮುಂದೆ ಇಡಬೇಕು. ಕತೆಗೆ ಅದರಿಂದ ಕುಂದಾಗುವುದಿಲ್ಲ.

ಬರಹಕ್ಕೆ ಇಳಿದ ಸಂಗತಿಯನ್ನು ಚೆನ್ನಾಗಿ ಹೇಳಿದರು, ಚಿಕ್ಕದಾಗಿ. 1117ರ ಬೇಸಗೆಯ ಸಭೆಯಲ್ಲಿ ತೀರ್ಮಾನ, ಆ ಚಳಿಗಾಲ ಹಾಫ್ಲಿದಿ ಮಾಸನ್ ಎಂಬವನ ಮನೆಯಲ್ಲಿ ಬರವಣಿಗೆ. ಕಾನೂನು ಹೇಳುವ ಬರ್ಗ್‌ಥೋರ್ ಮತ್ತು ಇತರ ಬಲ್ಲವರು ಹೇಳುತ್ತಾ ಹೋಗುವುದು, ಅದು ಚರ್ಮದ ಹಾಳೆಗೆ ಇಳಿಯುವುದು. ಮುಂದಿನ ಬೇಸಗೆ ಪಾದ್ರಿಗಳು ಅದನ್ನು ಓದಿ ಹೇಳಿದರು. ಹೇಳುತ್ತಿದ್ದವರ ಜಾಗದಲ್ಲಿ ಓದುವವರು. ಹೇಳಿಕೆಗಳನ್ನು ಬರೆದುಕೊಂಡೇ ಬದುಕಿದವಳಿಗೆ ಆ ಚಳಿಗಾಲದ ಮನೆಯೊಳಗೆ ಒಂದು ಗಳಿಗೆ ಕೂತಿರಬೇಕು ಅನ್ನಿಸಿತು.

ಹೊಸ ಧರ್ಮಕ್ಕೂ ಹಳೆಯದಕ್ಕೂ ಜಗಳ ಬಂದಾಗ ಕಾನೂನು ಹೇಳುವ ಥೋರ್‌ಗೇರ್ ಕಂಬಳಿ ಹೊದ್ದು ಒಂದು ಹಗಲು ಒಂದು ರಾತ್ರಿ ಮಲಗಿ, ಎದ್ದು ಬಂದು, ದೇಶಕ್ಕೆಲ್ಲ ಕ್ರೈಸ್ತ ಧರ್ಮ ಒಂದೇ ಎಂದು ತೀರ್ಪು ಹೇಳಿದ ಪ್ರಸಂಗವೂ ಬಂತು. ಕಾನೂನನ್ನು ಹರಿದರೆ ಶಾಂತಿಯನ್ನೂ ಹರಿಯುತ್ತೇವೆ ಎಂದ ಅವನು ಸ್ವತಃ ಹಳೆಯ ದೇವರುಗಳ ಭಕ್ತ. ಇದು ಎಲ್ಲ ಗೈಡ್‌ಗಳೂ ಹೇಳುವ ಕತೆ, ಇಲ್ಲಿ ವಿಶೇಷವೇನಿಲ್ಲ.

ಹಳೆಯ ನಾರ್ಸ್ ದೇವತೆಗಳ ಭಾಗ ಓಕ್ಸರಾ ಜಲಪಾತದ ಹತ್ತಿರ. ಚಿನ್ನದ ಕಂಬ, ಬೆಳ್ಳಿಯ ಸೂರಿನ ಗ್ಲಿತ್ನಿರ್ ಮನೆಯಲ್ಲಿ ಕೂತು ಎಲ್ಲ ವ್ಯಾಜ್ಯ ತೀರಿಸುವ ಫೊರ್ಸೆತಿಯ ಬಗ್ಗೆ ಎರಡು ಮಾತು. ಆಮೇಲೆ ತಂಟೆಕೋರ ದೇವರು ಲೋಕಿ ಮತ್ತು ಕುಬ್ಜ ಬ್ರೊಕ್ ಕತೆ. ಲೋಕಿ ತಲೆಯನ್ನು ಪಣ ಇಟ್ಟು ಸೋಲುತ್ತಾನೆ. ಬ್ರೊಕ್ ಕೊಯ್ಯಲು ಬಂದಾಗ, ತಲೆ ನಿನ್ನದು, ಕುತ್ತಿಗೆ ನಿನ್ನದಲ್ಲ ಎನ್ನುತ್ತಾನೆ ಲೋಕಿ. ಪಣದ ಮಾತಿನಲ್ಲಿ ಕುತ್ತಿಗೆ ಬಂದಿಲ್ಲ. ದೇವತೆಗಳ ನಡುವೆಯೂ ಆಡಿದ ಪದವೇ ಕರಾರು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಬ್ರೊಕ್ ಆ ತುಟಿಗಳನ್ನೇ ಹೊಲಿದುಬಿಟ್ಟ. ಮಾತೇ ಕಾನೂನಾಗಿರುವ ಲೋಕದಲ್ಲಿ ಬಾಯಿ ಹೊಲಿಯುವುದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ತೋಳ ಫೆನ್ರಿರ್‌ನನ್ನು ಕಟ್ಟುವಾಗ ಟೀರ್ ಎಂಬ ದೇವರು ತನ್ನ ಕೈಯನ್ನು ಅದರ ಬಾಯಲ್ಲಿ ಜಾಮೀನಿಟ್ಟು ಕಳೆದುಕೊಂಡ ಕತೆಯನ್ನು ಇದರ ಪಕ್ಕದಲ್ಲೇ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹೊತ್ತು ಮೀರಿತ್ತು.

ಕೊನೆಯ ಅರ್ಧ ಗಂಟೆ ಅವಸರದಲ್ಲಿ ಕಳೆಯಿತು. ದ್ರೆಕಿಂಗರ್‌ಹಿಲುರ್, ಹೆಂಗಸರನ್ನು ಮುಳುಗಿಸಿ ಕೊಂದ ಮಡು, ಬಹಳ ನಂತರದ ಕಾಲದ್ದು. 1564ರ ಕಠಿಣ ಕಾನೂನು ಬಂದ ಮೇಲಿನದು. ಅಲ್ಲಿ ಮೂರು ನಿಮಿಷ ನಿಂತು ಹೊರಟೆವು. ಅಂಥ ಜಾಗಕ್ಕೆ ಮೂರು ನಿಮಿಷ ಕೊಡುವುದಾದರೆ ಕರೆದುಕೊಂಡು ಹೋಗದಿರುವುದೇ ಮೇಲು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸಾಲು ಬಾಯಿಪಾಠ ಮಾಡಿಸಿದ್ದಕ್ಕೇ ಮೂರು, ಉಳಿದದ್ದು ಆ ಬಟ್ಟೆಗೆ ಮತ್ತು ಗೈಡ್‌ನ ಗಂಟಲಿಗೆ. ಹೋಗುವ ಮುಂಚೆ ನ್ಯಾಲ್‌ನ ಸಾಗಾ ಪೂರ್ತಿ ಓದಲಾಗದಿದ್ದರೂ ಗುನ್ನರ್‌ನ ಸಮನ್ಸ್ ಮತ್ತು ಕೊನೆಯ ವಿಚಾರಣೆಯ ಭಾಗ ಓದಿಕೊಂಡು ಹೋಗಿ. ಹೆಡ್‌ಸೆಟ್ ಬೇಡ ಎಂದು ಮೊದಲೇ ಹೇಳಿ.

ಮಾರನೆಯ ಸಂಜೆ ಮಗಳ ಕಾರಿನಲ್ಲಿ ಮತ್ತೆ ಹೋದೆ. ಕಾನೂನುಬಂಡೆ ಯಾವುದು ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಧ್ವಜಸ್ತಂಭ ನೆಟ್ಟಿರುವುದು ಇಳಿಜಾರಿನ ತುದಿಯಲ್ಲಿ, ಬಯಲಿಗೆ ಮುಖವಾಗಿ. ಇನ್ನು ಕೆಲವರು, ಬಿರುಕಿನ ಒಳಗೆ ಗೋಡೆಗೆ ಎದುರಾಗಿ ಇದ್ದಿರಬೇಕು ಎನ್ನುತ್ತಾರೆ. ಮಗಳನ್ನು ಸ್ತಂಭದ ಬಳಿ ನಿಲ್ಲಿಸಿ ನಾನು ಕೆಳಗೆ ನದಿಯ ಹತ್ತಿರ ನಿಂತೆ. ಅವಳು ಗಿಡುಗನ ಸಾಲು ಕೂಗಿದಳು. ದನಿ ಬಂತು, ಪದಗಳನ್ನು ಗಾಳಿ ಕದಡಿಹಾಕಿತ್ತು. ಆಮೇಲೆ ಇಬ್ಬರೂ ಬಿರುಕಿನೊಳಗೆ ಹೋದೆವು. ಅವಳು ಗೋಡೆಗೆ ಮುಖ ಮಾಡಿ, ನನಗೆ ಬೆನ್ನು ಹಾಕಿ, ಮಾಮೂಲಿ ದನಿಯಲ್ಲಿ ಹೇಳಿದಳು. ನಾನು ಐವತ್ತು ಹೆಜ್ಜೆ ದೂರ ಇದ್ದೆ. 'ಬಾದಾ' ಎನ್ನುವಲ್ಲಿ ಅವಳು 'ಬೇದಾ' ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಂದಲೇ ತಿದ್ದಿದೆ.